ಘಟಪ್ರಭೆಯ ದಂಡೆಯ ಮೂರು ತಾಲ್ಲೂಕುಗಳು: ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿಯ ಅಪರೂಪದ ಸಂಗತಿಗಳು

ಪರಿಚಯ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿರುವ, ಘಟಪ್ರಭಾ ನದಿಯ ಜಲಾನಯನ ಪ್ರದೇಶದಲ್ಲಿ ಬರುವ ತಾಲ್ಲೂಕುಗಳಾಗಿರುತ್ತವೆ. ಗೋಕಾಕ ಜಲಪಾತ ಮತ್ತು ಕರದಂಟು ನಾಡಿನಾದ್ಯಂತ ಪರಿಚಿತವಾಗಿವೆ. ಆದರೆ ಬೇರೆಲ್ಲಿಯೂ ಕಾಣದ ಶಕೆಯಲ್ಲಿ ಬರೆದ ತಾಮ್ರಪಟ, ನೀರಿನಡಿಯಲ್ಲಿ ನಿಂತಿರುವ ದೇವಾಲಯ, ಗ್ರಾಹಕರೇ ಒಡೆಯರಾಗಿರುವ ವಿದ್ಯುತ್ ಸಂಸ್ಥೆ, ಊರಿನಲ್ಲಿ ಹುಟ್ಟದೆಯೂ ಊರಿನ ಹೆಸರು ಪಡೆದ ಚಳವಳಿ ಮುಂತಾದ ಸಂಗತಿಗಳು ಅಷ್ಟಾಗಿ ಪ್ರಚಾರದಲ್ಲಿಲ್ಲ. ಇವುಗಳಲ್ಲಿ ಹೆಚ್ಚಿನವು ಒಂದಿಲ್ಲೊಂದು ರೀತಿಯಲ್ಲಿ ಘಟಪ್ರಭೆಯ ನೀರಿನೊಡನೆ ಸಂಬಂಧ ಹೊಂದಿವೆ. ಸಾರ್ವಜನಿಕರು, ವಿದ್ಯಾರ್ಥಿಗಳು ಹಾಗೂ ಪ್ರವಾಸಿಗರ ಅನುಕೂಲಕ್ಕಾಗಿ ಅಂತಹ ಕೆಲವು ಸಂಗತಿಗಳನ್ನು ಇಲ್ಲಿ ನೀಡಲಾಗಿದೆ.

ಒಂದು ನೋಟದಲ್ಲಿ

• ಜಿಲ್ಲೆ: ಬೆಳಗಾವಿ
• ಮುಖ್ಯ ನದಿ: ಘಟಪ್ರಭಾ, ಉದ್ದ 283 ಕಿ.ಮೀ.
• ಉಪನದಿಗಳು: ತಾಮ್ರಪರ್ಣಿ, ಹಿರಣ್ಯಕೇಶಿ, ಮಾರ್ಕಂಡೇಯ
• ಜಲಪಾತಗಳು: ಗೋಕಾಕ, ಗೊಡಚಿನಮಲ್ಕಿ
• ಜಲಾಶಯ: ಹಿಡಕಲ್ (ರಾಜಾ ಲಖಮಗೌಡ ಜಲಾಶಯ)
• ಪಕ್ಷಿಧಾಮ: ಘಟಪ್ರಭಾ ಪಕ್ಷಿಧಾಮ, ಧೂಪದಾಳ
• ಹೊಸ ತಾಲ್ಲೂಕು: ಮೂಡಲಗಿ (ಹಿಂದೆ ಗೋಕಾಕ ತಾಲ್ಲೂಕಿನ ಭಾಗ)

ನದಿಯ ಹಾದಿ

ಘಟಪ್ರಭಾ ನದಿಯು ಸಹ್ಯಾದ್ರಿಯಲ್ಲಿ ಸಮುದ್ರಮಟ್ಟದಿಂದ 884 ಮೀಟರ್ ಎತ್ತರದಲ್ಲಿ ಉಗಮಿಸಿ ಪೂರ್ವಾಭಿಮುಖವಾಗಿ ಹರಿಯುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಬಳಿ ಇದಕ್ಕೆ ಅಣೆಕಟ್ಟು ಕಟ್ಟಲಾಗಿದೆ. ಮುಂದೆ ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಒಡ್ಡನ್ನು ದಾಟಿ, ಜಲಪಾತವಾಗಿ ಧುಮುಕಿ, ಗೋಕಾಕ ಪಟ್ಟಣವನ್ನು ಬಳಸಿಕೊಂಡು ಮೂಡಲಗಿ ಸೀಮೆಯ ಮೂಲಕ ಬಾಗಲಕೋಟೆ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಅಂತಿಮವಾಗಿ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹೆಸರಿನ ಸಾಮ್ಯದಿಂದಾಗಿ ಘಟಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆಂದು ಅನೇಕರು ತಿಳಿದಿರುತ್ತಾರೆ. ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ನದಿ ಮಲಪ್ರಭೆಯಾಗಿದೆ.

ಮಳೆಗಾಲದಲ್ಲಿ ಮಾತ್ರ ಪೂರ್ಣವಾಗುವ ಜಲಪಾತ

ಗೋಕಾಕ ಪಟ್ಟಣದಿಂದ ಸುಮಾರು 6 ಕಿ.ಮೀ. ದೂರದಲ್ಲಿ ಘಟಪ್ರಭೆಯು ಮರಳುಗಲ್ಲಿನ ಬಂಡೆಯ ಮೇಲಿಂದ 52 ಮೀಟರ್ ಆಳಕ್ಕೆ ಧುಮುಕುತ್ತದೆ. ಬಂಡೆಯ ಅಂಚು ಕುದುರೆಯ ಲಾಳದ ಆಕಾರದಲ್ಲಿದ್ದು, ಈ ಕಾರಣದಿಂದ ಇದನ್ನು ಭಾರತದ ನಯಾಗರ ಎಂದು ಕರೆಯುವ ವಾಡಿಕೆಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ಮಿಶ್ರಿತ ನೀರು ತುಂಬಿ ಹರಿಯುತ್ತದೆ. ಬೇಸಿಗೆಯಲ್ಲಿ ಬಂದ ಪ್ರವಾಸಿಗರು ಬರಿಯ ಬಂಡೆಯನ್ನು ಕಂಡು ನಿರಾಶರಾಗುವುದುಂಟು. ಜಲಪಾತದ ಮೇಲ್ಭಾಗದಲ್ಲಿ ಹಿಡಕಲ್ ಅಣೆಕಟ್ಟು ಮತ್ತು ಧೂಪದಾಳದ ಒಡ್ಡು ನೀರನ್ನು ತಡೆದು ಕಾಲುವೆಗಳಿಗೆ ತಿರುಗಿಸುವುದೇ ಇದಕ್ಕೆ ಮುಖ್ಯ ಕಾರಣವಾಗಿದೆ. ಅಂದರೆ ಬೇಸಿಗೆಯಲ್ಲಿ ಜಲಪಾತದಲ್ಲಿ ಕಾಣದ ನೀರು ಕೆಳಗಿನ ಹೊಲಗಳಲ್ಲಿ ಬೆಳೆಯಾಗಿ ಕಾಣುತ್ತದೆ.

ಜಲಪಾತದ ಬಳಿ ನದಿಯ ಮೇಲೆ ಸುಮಾರು 201 ಮೀಟರ್ ಉದ್ದದ ತೂಗುಸೇತುವೆಯಿದ್ದು, ಅದು ಬಂಡೆಯಿಂದ 14 ಮೀಟರ್ ಎತ್ತರದಲ್ಲಿದೆ. ದಂಡೆಯಲ್ಲಿ ಚಾಲುಕ್ಯ ಶೈಲಿಯ ಪುರಾತನ ದೇವಾಲಯಗಳಿವೆ.

ಇದೇ ತಾಲ್ಲೂಕಿನ ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ನದಿಯು ಎರಡು ಹಂತಗಳಲ್ಲಿ ಧುಮುಕುತ್ತದೆ. ಮೊದಲ ಹಂತ ಸುಮಾರು 25 ಮೀಟರ್, ಎರಡನೆಯದು ಸುಮಾರು 18 ಮೀಟರ್ ಎತ್ತರವಿರುತ್ತದೆ. ಗೋಕಾಕ ಜಲಪಾತದ ಪ್ರಸಿದ್ಧಿಯ ಮುಂದೆ ಈ ಜಲಪಾತ ಮರೆಯಾಗಿದೆ.

ನೀರಿನ ಬಲದಿಂದ ನೂಲು

ಗೋಕಾಕ ಜಲಪಾತವು ನೋಟಕ್ಕೆ ಎಷ್ಟು ಹೆಸರಾಗಿದೆಯೋ ದುಡಿಮೆಗೂ ಅಷ್ಟೇ ಹೆಸರಾಗಿದೆ. 1885ರಲ್ಲಿ ಸ್ಥಾಪನೆಯಾದ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯು ಜಲಪಾತದ ಮಗ್ಗುಲಲ್ಲೇ ಹತ್ತಿಯ ನೂಲಿನ ಗಿರಣಿಯನ್ನು ಕಟ್ಟಿ, 1887ರಲ್ಲಿ ಕೆಲಸ ಆರಂಭಿಸಿತು. ಕಂಪನಿಯ ಹೆಸರಿನಲ್ಲಿ ಬಟ್ಟೆಗಿಂತ ಮೊದಲು ನೀರಿನ ಬಲಕ್ಕೆ ಸ್ಥಾನ ದೊರೆತಿರುವುದು ಗಮನಾರ್ಹ. ಕಲ್ಲಿದ್ದಲು ಸಿಗದ, ಹತ್ತಿ ಬೆಳೆಯುವ ಈ ಸೀಮೆಯಲ್ಲಿ ಬೀಳುವ ನೀರೇ ಇಂಧನವಾಯಿತು.

ದೇಶದಲ್ಲಿ ಮೊದಲ ಬಾರಿಗೆ ವಿದ್ಯುತ್ ಉತ್ಪಾದನೆಯಾದದ್ದು 1887ರಲ್ಲಿ ಗೋಕಾಕದಲ್ಲಿ ಎಂಬ ಹೇಳಿಕೆ ಅನೇಕ ಪ್ರವಾಸಿ ಕೈಪಿಡಿಗಳಲ್ಲಿ ಕಂಡುಬರುತ್ತದೆ. ಜಲಶಕ್ತಿಯಿಂದ ಗಿರಣಿಯ ಯಂತ್ರಗಳನ್ನು ತಿರುಗಿಸುವುದು ಮತ್ತು ಜಲವಿದ್ಯುತ್ತನ್ನು ಉತ್ಪಾದಿಸಿ ಊರಿಗೆ ನೀಡುವುದು ಬೇರೆ ಬೇರೆ ಕಾರ್ಯಗಳಾಗಿರುತ್ತವೆ. ಸಾರ್ವಜನಿಕ ಬಳಕೆಯ ಜಲವಿದ್ಯುತ್ ಕೇಂದ್ರಗಳಲ್ಲಿ ಡಾರ್ಜಿಲಿಂಗ್ ಸಮೀಪದ ಸಿದ್ರಾಪಾಂಗ್ 1897ರಲ್ಲಿಯೂ, ಕಾವೇರಿಯ ಶಿವನಸಮುದ್ರ 1902ರಲ್ಲಿಯೂ ಆರಂಭವಾದವು. ಈ ಎರಡಕ್ಕೂ ಮುನ್ನವೇ ಗೋಕಾಕದಲ್ಲಿ ಜಲಪಾತದ ಬಲವನ್ನು ಕೈಗಾರಿಕೆಗೆ ಹೂಡಲಾಗಿತ್ತು ಎಂಬುದು ನಿರ್ವಿವಾದ. ಗಿರಣಿಯೊಡನೆ ಕಾರ್ಮಿಕರ ವಸತಿಯೂ ಬೆಳೆದು ‘ಗೋಕಾಕ ಫಾಲ್ಸ್’ ಎಂಬ ಪ್ರತ್ಯೇಕ ಊರೇ ನೆಲೆಗೊಂಡಿದೆ. ಜಲಪಾತವು ಒಂದು ಊರಿನ ಅಂಚೆ ವಿಳಾಸವೂ ಆಗಿರುವುದು ವಿಶೇಷ.

ಗ್ರಾಹಕರೇ ಒಡೆಯರಾಗಿರುವ ವಿದ್ಯುತ್ ಸಂಸ್ಥೆ

ರಾಜ್ಯದಲ್ಲಿ ವಿದ್ಯುತ್ ಸರಬರಾಜು ಐದು ಸರ್ಕಾರಿ ಕಂಪನಿಗಳ ಮೂಲಕ ನಡೆಯುತ್ತದೆ. ಬೆಳಗಾವಿ ಜಿಲ್ಲೆಯು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಗೆ ಬರುತ್ತದೆ. ಆದರೆ ಹುಕ್ಕೇರಿ ತಾಲ್ಲೂಕಿನಲ್ಲಿ ಮನೆಗೆ ಬರುವ ವಿದ್ಯುತ್ ಬಿಲ್ಲಿನ ಮೇಲೆ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಹೆಸರಿರುತ್ತದೆ. ಇಂತಹ ಸಹಕಾರ ಸಂಘವು ಕರ್ನಾಟಕದಲ್ಲಿ ಇದೊಂದೇ ಆಗಿರುತ್ತದೆ.

1969ರಲ್ಲಿ ಕೇಂದ್ರ ಸರ್ಕಾರವು ಗ್ರಾಮೀಣ ವಿದ್ಯುದೀಕರಣ ನಿಗಮವನ್ನು ಸ್ಥಾಪಿಸಿದಾಗ, ಹಳ್ಳಿಗಳ ಜನರೇ ಸಂಘ ಕಟ್ಟಿಕೊಂಡು ವಿದ್ಯುತ್ ಹಂಚಿಕೊಳ್ಳುವ ಪ್ರಯೋಗಕ್ಕೆ ದೇಶದಲ್ಲಿ ಐದು ಸ್ಥಳಗಳನ್ನು ಆಯ್ಕೆ ಮಾಡಲಾಯಿತು. ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಆಂಧ್ರಪ್ರದೇಶದ ಸಿರಿಸಿಲ್ಲ, ಉತ್ತರಪ್ರದೇಶದ ಲಖನೌ ಹಾಗೂ ಅಂದಿನ ಮೈಸೂರು ರಾಜ್ಯದ ಹುಕ್ಕೇರಿ ಆ ಐದು ಸ್ಥಳಗಳು. ಸಂಘವು ವಿದ್ಯುತ್ತನ್ನು ತಾನು ಉತ್ಪಾದಿಸದೆ ಸಗಟು ದರದಲ್ಲಿ ಖರೀದಿಸಿ, ತನ್ನ ತಂತಿ ಮತ್ತು ಪರಿವರ್ತಕಗಳ ಮೂಲಕ ಸದಸ್ಯರಿಗೆ ಹಂಚುತ್ತದೆ. ದರಗಳನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸುತ್ತದೆ. ಆಡಳಿತ ಮಂಡಳಿಯನ್ನು ಸದಸ್ಯರು ಚುನಾವಣೆಯ ಮೂಲಕ ಆಯ್ಕೆ ಮಾಡುತ್ತಾರೆ. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘದ ವಿತರಣಾ ಕಾರ್ಯವು 2011ರಲ್ಲಿ ಕೊನೆಗೊಂಡಿತು. ಹುಕ್ಕೇರಿಯ ಸಂಘವು ಅರ್ಧ ಶತಮಾನವನ್ನು ದಾಟಿ ಉಳಿದುಕೊಂಡಿದೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಂತೆ ಇದೂ ಈ ತಾಲ್ಲೂಕಿನ ಸಹಕಾರ ಪರಂಪರೆಯ ಫಲವಾಗಿದೆ.

ನೀರಿನಿಂದ ಮೇಲೇಳುವ ದೇವಾಲಯ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೆ ವಂಟಮುರಿ ಸಂಸ್ಥಾನದ ರಾಜಾ ಲಖಮಗೌಡ ಸರದೇಸಾಯಿಯವರ ಹೆಸರನ್ನು ಇಡಲಾಗಿದೆ. ಇದರ ಸಂಗ್ರಹ ಸಾಮರ್ಥ್ಯ ಸುಮಾರು 51 ಟಿ.ಎಂ.ಸಿ. ಅಡಿಗಳು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಜಮೀನುಗಳಿಗೆ ನೀರುಣಿಸುವುದರ ಜೊತೆಗೆ ಬೆಳಗಾವಿ ನಗರಕ್ಕೂ ಇಲ್ಲಿಂದ ಕುಡಿಯುವ ನೀರು ಪೂರೈಕೆಯಾಗುತ್ತದೆ.

ಜಲಾಶಯವು ತುಂಬಿದಾಗ ನದಿ ದಂಡೆಯ ಹಳ್ಳಿಗಳು ಮುಳುಗಡೆಯಾದವು. ಅವುಗಳಲ್ಲಿ ಹುನ್ನೂರು ಗ್ರಾಮವೂ ಒಂದು. ಜನರು ಮನೆಮಾರುಗಳನ್ನು ತೊರೆದು ಬೇರೆಡೆ ನೆಲೆಸಿದರು. ಊರಿನ ವಿಠ್ಠಲ ದೇವಾಲಯ ಮಾತ್ರ ಕಲ್ಲಿನ ಕಟ್ಟಡವಾದ್ದರಿಂದ ನೀರಿನೊಳಗೆ ಹಾಗೆಯೇ ಉಳಿಯಿತು. ವರ್ಷದ ಹೆಚ್ಚಿನ ಕಾಲ ಕಣ್ಣಿಗೆ ಬೀಳದ ಈ ದೇವಾಲಯವು ಕಡು ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಾಗ ಶಿಖರದಿಂದ ಆರಂಭಿಸಿ ಮೆಲ್ಲಮೆಲ್ಲನೆ ಗೋಚರಿಸುತ್ತದೆ. 2023ರಲ್ಲಿ ಮುಂಗಾರು ತಡವಾದಾಗ ದೇವಾಲಯ ಹೊರಬಂದು, ದರ್ಶನಕ್ಕೆ ಜನರು ಗುಂಪುಗುಂಪಾಗಿ ಬಂದಿದ್ದರು.

ಈ ದೃಶ್ಯಕ್ಕೆ ಎರಡು ಮುಖಗಳಿವೆ. ದೇವಾಲಯ ಸಂಪೂರ್ಣವಾಗಿ ಕಂಡಿತೆಂದರೆ ಜಲಾಶಯ ಬರಿದಾಗುತ್ತಿದೆ ಎಂದರ್ಥ. ಆ ವರ್ಷ ಕಾಲುವೆಯ ಕೊನೆಯ ರೈತರು ಮಳೆಗಾಗಿ ಮುಗಿಲು ನೋಡುತ್ತಿರುತ್ತಾರೆ. ದೇವಾಲಯ ಮುಳುಗಿದರೆ ಹೊಲಗಳಿಗೆ ನೀರು ಖಚಿತ. ಊರು ತೊರೆದವರಿಗೆ ತಮ್ಮ ದೇವರನ್ನು ಕಾಣುವ ಅವಕಾಶವೂ ಇತರರ ನೀರಿನ ಕೊರತೆಯೂ ಒಟ್ಟಿಗೇ ಬರುತ್ತವೆ.

ಒಡ್ಡಿನ ಹಿನ್ನೀರಿಗೆ ಬಂದ ಹಕ್ಕಿಗಳು

ಹಿಡಕಲ್ ಅಣೆಕಟ್ಟಿಗಿಂತ ಬಹಳ ಹಿಂದೆ, ಬ್ರಿಟಿಷರ ಆಡಳಿತದಲ್ಲಿ, ನೀರಾವರಿಗಾಗಿ ಧೂಪದಾಳದಲ್ಲಿ ಒಡ್ಡನ್ನು ನಿರ್ಮಿಸಲಾಗಿತ್ತು. ಅದರ ಹಿನ್ನೀರಿನ ಪ್ರದೇಶವು ಕಾಲಕ್ರಮದಲ್ಲಿ ಹಕ್ಕಿಗಳ ನೆಲೆಯಾಯಿತು. ಇಂದು 29.78 ಚದರ ಕಿ.ಮೀ. ವಿಸ್ತೀರ್ಣದ ಘಟಪ್ರಭಾ ಪಕ್ಷಿಧಾಮವು ಇಲ್ಲಿದೆ. ಚಳಿಗಾಲದಲ್ಲಿ ಯುರೋಪಿನ ಬಿಳಿ ಕೊಕ್ಕರೆ ಹಾಗೂ ಮಧ್ಯ ಏಷ್ಯಾ ಕಡೆಯ ಡೆಮೊಸೆಲ್ ಕ್ರೌಂಚಗಳು ವಲಸೆ ಬರುತ್ತವೆ. ರೈತರಿಗಾಗಿ ಕಟ್ಟಿದ ಒಡ್ಡು ಹಕ್ಕಿಗಳಿಗೂ ಆಸರೆಯಾದುದಕ್ಕೆ ಇದು ಉತ್ತಮ ನಿದರ್ಶನವಾಗಿದೆ.

ಬೇರೆಲ್ಲಿಯೂ ಕಾಣದ ಶಕೆ

ಗೋಕಾಕದ ಪ್ರಾಚೀನತೆಗೆ ಸಂಬಂಧಿಸಿದ ಅತ್ಯಂತ ಕುತೂಹಲಕಾರಿ ದಾಖಲೆ ದೆಜ್ಜ ಮಹಾರಾಜನ ಕಾಲದ ಗೋಕಾಕ ತಾಮ್ರಪಟ. ಸೇಂದ್ರಕ ವಂಶದ ಇಂದ್ರನಂದನು ಆರ್ಯನಂದಿ ಎಂಬ ಜೈನ ಮುನಿಗೆ ಭೂಮಿಯನ್ನು ದಾನ ನೀಡಿದ ವಿಷಯ ಇದರಲ್ಲಿದೆ. ದೆಜ್ಜ ಮಹಾರಾಜನನ್ನು ರಾಷ್ಟ್ರಕೂಟನೆಂದು ಇದು ಕರೆಯುತ್ತದೆ. ಮಾನ್ಯಖೇಟದ ಪ್ರಸಿದ್ಧ ರಾಷ್ಟ್ರಕೂಟರು ಪ್ರಬಲರಾಗುವುದಕ್ಕೆ ಬಹಳ ಮೊದಲಿನ ಉಲ್ಲೇಖ ಇದಾಗಿರುವುದರಿಂದ ಇತಿಹಾಸಕಾರರ ಗಮನ ಸೆಳೆದಿದೆ.

ಇದಕ್ಕಿಂತ ಅಚ್ಚರಿಯ ಸಂಗತಿ ಅದರ ಕಾಲಗಣನೆ. ಕರ್ನಾಟಕದ ಶಾಸನಗಳಲ್ಲಿ ಸಾಮಾನ್ಯವಾಗಿ ಶಾಲಿವಾಹನ ಶಕೆ ಅಥವಾ ಅರಸರ ಆಳ್ವಿಕೆಯ ವರ್ಷ ಇರುತ್ತದೆ. ಈ ತಾಮ್ರಪಟದಲ್ಲಿ ‘ಆಗುಪ್ತಾಯಿಕ’ ಅರಸರ 845ನೆಯ ವರ್ಷ ಎಂದಿದೆ. ಈ ಹೆಸರಿನ ಶಕೆ ಇದೊಂದು ತಾಮ್ರಪಟದಿಂದಲೇ ಪರಿಚಿತವಾಗಿದ್ದು, ಲಿಪಿಯ ಆಧಾರದಿಂದ ಪಟವನ್ನು 6–7ನೆಯ ಶತಮಾನಗಳ ಆಸುಪಾಸಿಗೆ ಸೇರಿಸಲಾಗಿದೆ.

ಇದಕ್ಕೂ ಹಿಂದಿನ ಮಾನವ ನೆಲೆಯ ಕುರುಹುಗಳು ಜಲಪಾತದ ಸಮೀಪದ ಕೊಣ್ಣೂರಿನಲ್ಲಿವೆ. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಬೃಹತ್ ಶಿಲಾ ಸಮಾಧಿಗಳನ್ನು ಸ್ಥಳೀಯರು ‘ಪಾಂಡವರ ಮನೆ’ಗಳೆಂದು ಕರೆಯುತ್ತಾರೆ. ರಾಷ್ಟ್ರಕೂಟ ಕಾಲದ ಜೈನ ಶಾಸನಕ್ಕೆ ಹೆಸರಾದ ನರಗುಂದ ಸೀಮೆಯ ಕೊಣ್ಣೂರು ಬೇರೆಯಾಗಿರುತ್ತದೆ.

ಗುಮ್ಮಟಗಳು ಮತ್ತು ಹೆಸರುಗಳು

ವಿಜಯಪುರದ ಗೋಳಗುಮ್ಮಟ 17ನೆಯ ಶತಮಾನದ ಕಟ್ಟಡ. ಹುಕ್ಕೇರಿಯಲ್ಲಿ ಅದಕ್ಕೂ ಹಿಂದಿನ, 16ನೆಯ ಶತಮಾನದ ಆದಿಲಶಾಹಿ ಕಾಲದ ಗುಮ್ಮಟವುಳ್ಳ ಗೋರಿಗಳಿವೆ. ಗಾತ್ರದಲ್ಲಿ ಕಿರಿದಾದರೂ ವಯಸ್ಸಿನಲ್ಲಿ ಇವು ಹಿರಿಯವು. ‘ಹೂವಿನ ಕೇರಿ’ಯೇ ಹುಕ್ಕೇರಿಯಾಯಿತೆಂದೂ, ಇಲ್ಲಿಂದ ವಿಜಯಪುರದ ಅರಮನೆಗೆ ಹೂವು ಹೋಗುತ್ತಿತ್ತೆಂದೂ ಜನರಲ್ಲಿ ಪ್ರತೀತಿಯಿದೆ.

ಇದೇ ತಾಲ್ಲೂಕಿನ ಪಾಶ್ಚಾಪುರದ ಮೂಲ ಹೆಸರು ಪಾದಶಹಾಪುರ. ‘ಪಾದಶಹಾ’ ಎಂಬ ಪಾರಸಿ ಪದ ಕನ್ನಡದ ನಾಲಿಗೆಯಲ್ಲಿ ಸವೆದು ಇಂದಿನ ರೂಪ ಪಡೆದಿದೆ. ಗೋಕಾಕವನ್ನು ಹಳೆಯ ತಲೆಮಾರಿನವರು ‘ಗೋಕಾವಿ’ ಎಂದೇ ಕರೆಯುತ್ತಾರೆ. ಗೋಕಾಕ ರೋಡ್ ಎಂಬ ರೈಲು ನಿಲ್ದಾಣವಿದ್ದರೂ ಗೋಕಾಕ ಪಟ್ಟಣಕ್ಕೆ ರೈಲು ಹೋಗುವುದಿಲ್ಲ. ಘಟಪ್ರಭಾ ಎಂಬುದು ನದಿಯ ಹೆಸರೂ ಹೌದು, ಊರಿನ ಹೆಸರೂ ಹೌದು, ರೈಲು ನಿಲ್ದಾಣದ ಹೆಸರೂ ಹೌದು.

ಅಂಟಿನ ಸಿಹಿ, ಮರದ ಹಣ್ಣು

ಕರದಂಟು ಎಂಬ ಹೆಸರಿನಲ್ಲಿಯೇ ಅದರ ತಯಾರಿಕೆಯ ವಿಧಾನ ಅಡಗಿದೆ. ಕರಿದ ಅಂಟು, ಅಂದರೆ ತುಪ್ಪದಲ್ಲಿ ಕರಿದ ಮರದ ಅಂಟು. ಗಟ್ಟಿಯಾದ ಅಂಟಿನ ಹರಳುಗಳು ಬಿಸಿ ತುಪ್ಪಕ್ಕೆ ಬಿದ್ದೊಡನೆ ಅರಳಿನಂತೆ ಉಬ್ಬುತ್ತವೆ. ಇವುಗಳಿಗೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ ಮುಂತಾದವನ್ನು ಸೇರಿಸಿ ಬೆಲ್ಲದ ಪಾಕದಲ್ಲಿ ಕಲೆಸಿ, ತಟ್ಟೆಗೆ ಹರವಿ ತುಂಡು ಮಾಡಲಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಬಾಣಂತಿಯರಿಗೆ ನೀಡುವ ಅಂಟಿನುಂಡೆ ಮತ್ತು ಅಂಗಡಿಯ ಕರದಂಟು ಹತ್ತಿರದ ಬಂಧುಗಳು. ಬಾಗಲಕೋಟೆ ಜಿಲ್ಲೆಯ ಅಮೀನಗಡದ ಕರದಂಟೂ ಪ್ರಸಿದ್ಧವಾಗಿದ್ದು, ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ಎಂದಿಗೂ ಮುಗಿಯುವಂತಹುದಲ್ಲ.

ಗೋಕಾಕದ ಇನ್ನೊಂದು ಹೆಮ್ಮೆ ಗೊಂಬೆಗಳು. ಜೀನಗಾರ ಮನೆತನಗಳ ಕುಶಲಕರ್ಮಿಗಳು ಹಗುರವಾದ ಮರ ಮತ್ತು ಸ್ಥಳೀಯ ಮಣ್ಣನ್ನು ಬಳಸಿ ಮನುಷ್ಯರ ಆಕೃತಿಗಳನ್ನೂ ಹಣ್ಣು ತರಕಾರಿಗಳನ್ನೂ ರೂಪಿಸುತ್ತಾರೆ. ಬಾಳೆ, ಮಾವು, ಬದನೆ, ಮೆಣಸಿನಕಾಯಿಗಳು ನಿಜವಾದವುಗಳೇ ಎಂದು ಕೈಗೆತ್ತಿಕೊಂಡ ಮೇಲೆ ಮಾತ್ರ ಅವುಗಳ ಹಗುರತನದಿಂದ ಗುಟ್ಟು ತಿಳಿಯುತ್ತದೆ. ಚನ್ನಪಟ್ಟಣ ಮತ್ತು ಕಿನ್ನಾಳದ ಗೊಂಬೆಗಳಿಗೆ ದೊರೆತ ಮಾರುಕಟ್ಟೆ ಗೋಕಾಕದ ಗೊಂಬೆಗಳಿಗೆ ದೊರೆತಿಲ್ಲ. ಕರದಂಟು ಕೊಳ್ಳಲು ಬಂದವರು ಗೊಂಬೆಗಳನ್ನೂ ಕೇಳಿ ಪಡೆದಲ್ಲಿ ಈ ಕಲೆಗೆ ನೇರವಾದ ನೆರವಾಗುತ್ತದೆ.

ಇಬ್ಬರು ತಮ್ಮಣ್ಣರು, ಒಂದು ಪಾರಿಜಾತ

ಮೂಡಲಗಿಯು 2017–18ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಸಾಲಿಗೆ ಸೇರುತ್ತದೆ. ತಾಲ್ಲೂಕು ಹೊಸದಾದರೂ ಇಲ್ಲಿನ ಕಲಾ ಪರಂಪರೆ ಹಳೆಯದು. ಉತ್ತರ ಕರ್ನಾಟಕದ ಸುಪ್ರಸಿದ್ಧ ಸಣ್ಣಾಟವಾದ ಶ್ರೀಕೃಷ್ಣ ಪಾರಿಜಾತದ ಮೂಲ ಕೃತಿಯನ್ನು ರಚಿಸಿದವರು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ. ಅದನ್ನು ರಂಗಕ್ಕೆ ಒಗ್ಗಿಸಿ ಜನಪ್ರಿಯಗೊಳಿಸಿದವರು ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣ. ಇಬ್ಬರ ಹೆಸರೂ ಒಂದೇ ಆಗಿರುವುದರಿಂದ ಒಬ್ಬರ ಕೆಲಸವನ್ನು ಇನ್ನೊಬ್ಬರದೆಂದು ತಿಳಿಯುವ ಸಂಭವವಿರುತ್ತದೆ.

ಈ ಆಟವನ್ನು ಊರೂರಿಗೆ ಕೊಂಡೊಯ್ದವರಲ್ಲಿ ಸಮೀಪದ ಕೌಜಲಗಿಯ ನಿಂಗಮ್ಮ ಅಗ್ರಗಣ್ಯರು. ಬಯಲಾಟಗಳಲ್ಲಿ ಸ್ತ್ರೀ ಪಾತ್ರಗಳನ್ನೂ ಗಂಡಸರೇ ವಹಿಸುವುದು ರೂಢಿಯಾಗಿದ್ದ ಕಾಲದಲ್ಲಿ ಮಹಿಳೆಯೊಬ್ಬರು ಪಾರಿಜಾತದಿಂದ ನಾಡಿಗೇ ಹೆಸರಾದುದು ಸಾಮಾನ್ಯ ಸಂಗತಿಯಲ್ಲ.

ಮೂಡಲಗಿ ತಾಲ್ಲೂಕಿನ ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯವಿದ್ದು, ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿದೆ.

ಊರಿನ ಹೆಸರು, ವ್ಯಕ್ತಿಯ ಹೆಸರು

ಗೋಕಾಕ ಚಳವಳಿ ಎಂದೊಡನೆ ಅದು ಗೋಕಾಕ ಪಟ್ಟಣದಲ್ಲಿ ನಡೆದ ಹೋರಾಟವೆಂದು ಹೊಸ ತಲೆಮಾರಿನವರು ಭಾವಿಸುವುದುಂಟು. 1980ರಲ್ಲಿ ರಚನೆಯಾದ ಭಾಷಾ ಸಮಿತಿಗೆ ವಿ.ಕೃ. ಗೋಕಾಕರು ಅಧ್ಯಕ್ಷರಾಗಿದ್ದರು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂಬ ಸಮಿತಿಯ ವರದಿ 1981ರ ಜನವರಿಯಲ್ಲಿ ಸಲ್ಲಿಕೆಯಾಯಿತು. ಅದರ ಜಾರಿಗಾಗಿ ನಾಡಿನಾದ್ಯಂತ ನಡೆದ ಹೋರಾಟಕ್ಕೆ ಅಧ್ಯಕ್ಷರ ಮನೆತನದ ಹೆಸರೇ ಬಂದಿತು. ಗೋಕಾಕರು ಜನಿಸಿದ್ದು 1909ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. 18ನೆಯ ಶತಮಾನದ ಪೂರ್ವಾರ್ಧದಲ್ಲಿ ಗೋಕಾಕವು ಸವಣೂರಿನ ನವಾಬರ ಅಧೀನದಲ್ಲಿತ್ತು ಎಂಬುದು ಕಾಕತಾಳೀಯ.

ಜ್ಞಾನಪೀಠ ಪುರಸ್ಕೃತರಾದ ಚಂದ್ರಶೇಖರ ಕಂಬಾರರು ಜನಿಸಿದ್ದು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ, 1937ರಲ್ಲಿ. ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಬರುವ ‘ಶಿವಾಪುರ’ ಕಲ್ಪನೆಯ ಊರಾಗಿದ್ದರೂ ಅಲ್ಲಿನ ಮಾತು, ಮಣ್ಣು ಮತ್ತು ಆಟಗಳು ಘಟಪ್ರಭೆಯ ದಂಡೆಯವು. ಓದಿನ ದಿನಗಳಲ್ಲಿ ಅವರಿಗೆ ಆಸರೆಯಾದದ್ದು ಸಾವಳಗಿಯ ಶ್ರೀ ಶಿವಲಿಂಗೇಶ್ವರ ಮಠ. ಕಲಬುರಗಿಯ ಖಾಜಾ ಬಂದೇನವಾಜರೊಡನೆ ಇದರ ಮೂಲ ಪುರುಷರ ಸ್ನೇಹವಿತ್ತೆಂಬ ಪ್ರತೀತಿಯಿಂದ ಈ ಮಠವು ಭಾವೈಕ್ಯದ ಕೇಂದ್ರವೆಂದು ಹೆಸರಾಗಿದೆ. ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರ ಜನ್ಮಸ್ಥಳ ಮಲಾಮರಡಿ ಮತ್ತು ‘ಆನಂದಕಂದ’ ಎಂದು ಹೆಸರಾದ ಬೆಟಗೇರಿ ಕೃಷ್ಣಶರ್ಮರ ಬೆಟಗೇರಿ ಗೋಕಾಕ ತಾಲ್ಲೂಕಿಗೆ ಸೇರಿವೆ.

ನದಿಯ ಮತ್ತೊಂದು ಮುಖ

ಈ ಸೀಮೆಗೆ ಎಲ್ಲವನ್ನೂ ನೀಡಿದ ನದಿ ಒಮ್ಮೊಮ್ಮೆ ಕಸಿದುಕೊಂಡದ್ದೂ ಉಂಟು. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಗೆ ಬಂ­ದ ಮಹಾಪೂರದಲ್ಲಿ ಲೋಳಸೂರ ಸೇತುವೆ ಮುಳುಗಿ, ಗೋಕಾಕ ಪಟ್ಟಣದ ತಗ್ಗು ಪ್ರದೇಶಗಳು ಜಲಾವೃತವಾದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಳೆಯಿಂದ ಮಣ್ಣು ಸಡಿಲಗೊಂಡು, ಪಟ್ಟಣಕ್ಕೆ ಒತ್ತಿಕೊಂಡಿರುವ ಮಲ್ಲಿಕಾರ್ಜುನ ಬೆಟ್ಟದ ಹೆಬ್ಬಂಡೆಗಳು ಉರುಳುವ ಸ್ಥಿತಿ ತಲುಪಿದ್ದವು. ಕೆಳಗಿನ ಮನೆಗಳ ರಕ್ಷಣೆಗಾಗಿ ಪರಿಹಾರ ಪಡೆಗಳ ನೆರವಿನಿಂದ ಬಂಡೆಗಳನ್ನು ಒಡೆಯುವ ಕಾರ್ಯ ಕೈಗೊಳ್ಳಲಾಯಿತು. ಜಲಪಾತವನ್ನು ಸುಂದರಗೊಳಿಸಿದ ಬಂಡೆ ಮತ್ತು ನೀರುಗಳೇ ಪಟ್ಟಣಕ್ಕೆ ಅಪಾಯ ತಂದ ವರ್ಷವದು. ಗೋಕಾಕದ ಜನರು ಮಳೆಗಾಲದಲ್ಲಿ ಹಿಡಕಲ್ ಜಲಾಶಯದ ನೀರಿನ ಮಟ್ಟವನ್ನು ದಿನವೂ ವಿಚಾರಿಸುವುದಕ್ಕೆ ಈ ಅನುಭವವೇ ಕಾರಣ.

ತಲುಪುವ ಬಗೆ

ರಸ್ತೆ: ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯು ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಮೂಲಕ ಹಾದುಹೋಗುತ್ತದೆ. ಬೆಳಗಾವಿಯಿಂದ ಗೋಕಾಕ ಮತ್ತು ಹುಕ್ಕೇರಿಗೆ ಬಸ್ಸುಗಳ ಸೌಲಭ್ಯವಿದೆ.
ರೈಲು: ಮಿರಜ–ಲೋಂಡಾ ಮಾರ್ಗದಲ್ಲಿ ಘಟಪ್ರಭಾ, ಗೋಕಾಕ ರೋಡ್ ಮತ್ತು ಪಾಶ್ಚಾಪುರ ನಿಲ್ದಾಣಗಳಿವೆ.
ವಿಮಾನ: ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ.

ಸಂದರ್ಶಕರ ಗಮನಕ್ಕೆ

• ಜಲಪಾತಗಳ ವೀಕ್ಷಣೆಗೆ ಜುಲೈನಿಂದ ಸೆಪ್ಟೆಂಬರ್, ಪಕ್ಷಿಧಾಮಕ್ಕೆ ನವೆಂಬರ್‌ನಿಂದ ಮಾರ್ಚ್ ಸೂಕ್ತ ಕಾಲವಾಗಿರುತ್ತದೆ.
• ಜಲಪಾತದ ಅಂಚಿನ ಬಂಡೆಗಳು ಪಾಚಿಯಿಂದ ಜಾರುತ್ತವೆ. ಬಂಡೆಗಳ ತುದಿಗೆ ಹೋಗುವುದು ಪ್ರಾಣಾಪಾಯಕಾರಿ. ಮೇಲಿನಿಂದ ನೀರು ಬಿಟ್ಟಾಗ ಹರಿವು ಅಲ್ಪಕಾಲದಲ್ಲಿಯೇ ಏರಬಹುದು.
• ತೂಗುಸೇತುವೆಯ ಬಳಕೆಯಲ್ಲಿ ಸ್ಥಳೀಯ ಸೂಚನೆಗಳನ್ನು ಕಡ್ಡಾಯವಾಗಿ ಪಾಲಿಸತಕ್ಕದ್ದು.
• ಹಿಡಕಲ್ ಹಿನ್ನೀರಿನ ದೇವಾಲಯಕ್ಕೆ ಹೋಗುವವರು ಕೆಸರು ಮತ್ತು ನೀರಿನ ಆಳವನ್ನು ಸ್ಥಳೀಯರಿಂದ ವಿಚಾರಿಸಿಕೊಂಡೇ ಮುಂದುವರಿಯತಕ್ಕದ್ದು.
• ಶಿಲಾ ಸಮಾಧಿಗಳು, ಗುಮ್ಮಟಗಳು ಹಾಗೂ ದೇವಾಲಯಗಳ ಮೇಲೆ ಹೆಸರು ಕೆತ್ತುವುದು, ಬಣ್ಣ ಬಳಿಯುವುದು ಮುಂತಾದವುಗಳಿಂದ ದೂರವಿದ್ದು ಪರಂಪರೆಯ ರಕ್ಷಣೆಯಲ್ಲಿ ಸಹಕರಿಸಲು ಕೋರಲಾಗಿದೆ.